ಲಾಂಬ್ರೊನ ಬೀಗರು

ಸೆಪ್ಟೆಂಬರ್ 1, ಸೋಮವಾರ

ಕೊರೊನಿ, ಮಗನಿರುವ ಊರು. ಪಡುವಣ ಗಾಳಿ, ಹದವಾಗಿದೆ. ಸಮುದ್ರ ಸುಮ್ಮನಿದೆ.

ಪಿರೇಯಸ್ ಬಂದರಿನಲ್ಲಿ ಇಡೀ ಆಯುಷ್ಯ ಟಗ್ ದೋಣಿ ನಡೆಸಿದವನು ನಾನು. ಗಾಳಿ ಯಾವ ಕಡೆಯದೆಂದು ಬರೆಯದೆ ದಿನ ಮುಗಿಸಿ ಗೊತ್ತಿಲ್ಲ. ನಿವೃತ್ತಿಯಾದ ಮೇಲೂ ಚಾಳಿ ಬಿಟ್ಟಿಲ್ಲ. ಗಾಳಿ ಬರೆದ ಮೇಲೆ ಪುಟದಲ್ಲಿ ಜಾಗ ಉಳಿಯುತ್ತದಲ್ಲ, ಅಲ್ಲಿ ಮನಸ್ಸಿಗೆ ಬಂದದ್ದನ್ನು ಗೀಚುತ್ತೇನೆ. ಬೇರೆಯವರು ಓದುವುದಕ್ಕಲ್ಲ.

ಬಸ್ಸಿಳಿದಾಗ ಮಗ ಕೊಸ್ಮಾಸ್ ಕಾಯುತ್ತಿದ್ದ. ಕೆಲವು ವರ್ಷದ ಹಿಂದೆ ಇಲ್ಲಿನ ಹೋಟೆಲೊಂದಕ್ಕೆ ಕರೆಂಟಿನ ಕೆಲಸಕ್ಕೆ ಬಂದವನು ಮಾತಿನಾಳನ್ನು ನೋಡಿದ, ಅಲ್ಲಿಗೆ ಕಥೆ ಮುಗಿಯಿತು. ಈಗ ಅವಳ ತಾಯಿಯ ಮನೆಯಲ್ಲೇ ಇದ್ದಾನೆ. ಮನೆ ಅಳಿಯ. ಎಂತೆಂಥ ಹಡಗುಗಳನ್ನು ಎಳೆದು ದಡ ಸೇರಿಸಿದ ನನಗೆ ಇರುವ ಒಬ್ಬ ಮಗನನ್ನು ಎಳೆದು ಮನೆ ಸೇರಿಸಲು ಆಗಲಿಲ್ಲ. ಇರಲಿ.

ಇಪ್ಪತ್ತೊಂದಕ್ಕೆ ಮೊಮ್ಮಗನ ನಾಮಕರಣ. ಒಂಬತ್ತು ತಿಂಗಳಾದರೂ ಅವನಿನ್ನೂ ಬರೀ ‘ಪಾಪು’. ಚರ್ಚಿನಲ್ಲಿ ಪಾದ್ರಿ ಕೇಳಿ, ಧರ್ಮತಾಯಿ ಬಾಯಿಬಿಟ್ಟು ಹೇಳುವ ತನಕ ನಮ್ಮಲ್ಲಿ ಮಗುವಿಗೆ ಹೆಸರಿಲ್ಲ. ಹಾಗಂತ ಹೆಸರು ಯಾವುದು ಅನ್ನುವುದರಲ್ಲಿ ಅನುಮಾನಕ್ಕೆ ಜಾಗವೂ ಇಲ್ಲ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ನಾನು ಕೊಸ್ಮಾಸನಿಗೆ ನನ್ನಪ್ಪನ ಹೆಸರಿಟ್ಟೆ, ಅವನು ತನ್ನ ಮಗನಿಗೆ ನನ್ನ ಹೆಸರಿಡಬೇಕು. ಥ್ರಾಸಿವುಲೊಸ್.

ಹೋದ ತಿಂಗಳು ಸೊಸೆಯನ್ನು ಫೋನಿನಲ್ಲಿ ಕೇಳಿದೆ, ‘ನಮ್ಮ ಪುಟ್ಟ ಥ್ರಾಸಿವುಲೊಸ್ ಹೇಗಿದ್ದಾನೆ?’ ಅವಳು, ‘ಪಾಪು ಆರಾಮಾಗಿದೆ ಮಾವ’ ಅಂದಳು. ಅನುಮಾನ ಬರಲು ನನಗೆ ಅಷ್ಟು ಸಾಕಾಯಿತು. ಮೂರು ವಾರ ಮುಂಚೆಯೇ ಹೊರಟುಬಂದೆ. ಹೆಂಡತಿ ಅರ್ಗಿರೊ ಮಂಡಿನೋವೆಂದು ಪಿರೇಯಸ್ಸಿನಲ್ಲೇ ಉಳಿದಳು. ‘ಹೆಸರು ಕಾಯೋಕೆ ಹೋಗ್ತಿದೀಯಾ, ಮುದುಕಾ? ಕಸಾಯಿ ಅಂಗಡಿ ಮುಂದೆ ನಾಯಿ ಕೂಡ ಇಷ್ಟು ಮುಂಚೆ ಹೋಗಿ ಕೂರಲ್ಲ’ ಅಂದಳು. ಅವಳಿಗೇನು ಗೊತ್ತು.

ಸೆಪ್ಟೆಂಬರ್ 3, ಬುಧವಾರ

ಪಡುವಣ ಗಾಳಿ, ಮಧ್ಯಾಹ್ನ ಜೋರು.

ಬೀಗಿತ್ತಿ ದಿಯಾಮಾಂತೊಗೆ ಮಾತು ಕಡಿಮೆ, ಕೈಗೆ ಬಿಡುವಿಲ್ಲ. ಮನೆ ಕೋಟೆಗೋಡೆಯ ಬುಡದಲ್ಲಿದೆ. ಬಾಲ್ಕನಿಯಲ್ಲಿ ನಿಂತರೆ ಕೆಳಗೆ ದೋಣಿಗಳ ದಂಡೆ. ಬೆಳಿಗ್ಗೆ ಮೊಟ್ಟೆ, ಟೊಮ್ಯಾಟೊ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಕಲಸಿ ಹುರಿದಿದ್ದಳು, ಅದರಲ್ಲಿ ಕಿತ್ತಳೆ ಸಿಪ್ಪೆಯ ಘಮ. ಎರಡು ಸಲ ಹಾಕಿಸಿಕೊಂಡೆ. ಶತ್ರು ಪಾಳಯದ ಊಟವೆಂದು ಬಿಡುವವನಲ್ಲ ನಾನು.

ಅವಳ ಗಂಡ ಲಾಂಬ್ರೊಸ್, ಊರವರ ಬಾಯಲ್ಲಿ ಲಾಂಬ್ರೊ, ಮೀನು ಹಿಡಿಯುತ್ತಿದ್ದವನು. ಎರಡು ವರ್ಷದ ಹಿಂದೆ ಆಲಿವ್ ಕೊಯ್ಲಿನ ಹೊತ್ತಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ನಾನು ಅವನನ್ನು ಸರಿಯಾಗಿ ನೋಡಿದ್ದು ಮದುವೆಯ ದಿನ ಮಾತ್ರ. ಕುಳ್ಳ, ನಗುಮುಖ, ಕುಣಿಯಲು ಬಾರದಿದ್ದರೂ ಕೊನೆಯ ತನಕ ಕುಣಿದ. ಈ ಮನೆಯಲ್ಲಿ ಯಾರೂ ಅವನ ಹೆಸರೆತ್ತುವುದಿಲ್ಲ. ‘ಪುಣ್ಯಾತ್ಮ’ ಅನ್ನುತ್ತಾರೆ. ಪುಣ್ಯಾತ್ಮನ ಕುರ್ಚಿ, ಪುಣ್ಯಾತ್ಮನ ಚಾಕು.

ಸಂಜೆ ದಂಡೆಗೆ ಹೋದೆ. ಪಾನಾಗೊಸ್ ಅನ್ನುವ ಮೀಸೆಯವನೊಬ್ಬ ಬಲೆ ಹೊಲಿಯುತ್ತಿದ್ದ.

‘ನೀವು ಲಾಂಬ್ರೊನ ಬೀಗರಲ್ವಾ?’ ಅಂದ.

‘ನನಗೊಂದು ಹೆಸರಿದೆ. ಥ್ರಾಸಿವುಲೊಸ್.’

‘ಅಷ್ಟುದ್ದ ಹೇಳಿ ಮುಗಿಸೋ ಹೊತ್ತಿಗೆ ಮೀನು ಬಲೆ ಹರ್ಕೊಂಡು ಹೋಗಿರುತ್ತೆ. ಬನ್ನಿ, ಕಾಫಿ ಕುಡೀರಿ, ಲಾಂಬ್ರೊನ ಬೀಗರೇ.’

ಊರಿಗೆ ಊರೇ ಹೀಗೆ. ರೊಟ್ಟಿ ಅಂಗಡಿಯಲ್ಲೂ ಇದೇ. ಸತ್ತವನ ಹೆಸರು ಹಿಡಿದು ಬದುಕಿರುವವನನ್ನು ಕರೆಯುತ್ತಾರೆ.

ಲಾಂಬ್ರೊಸನ ದೋಣಿ ಅಲ್ಲೇ ದಂಡೆಯ ಮೇಲಿದೆ. ಬಣ್ಣ ಎದ್ದಿದೆ, ಹಲಗೆಗಳ ಸಂದಿನಲ್ಲಿ ಬೆರಳು ತೂರುತ್ತದೆ. ಮರದ ದೋಣಿಯನ್ನು ಹೀಗೆ ಒಣಗಲು ಬಿಡುವುದು ಪಾಪ. ಯಾರ ದೋಣಿಯಾದರೂ ಅಷ್ಟೇ.

ಸೆಪ್ಟೆಂಬರ್ 5, ಶುಕ್ರವಾರ

ಗಾಳಿ ಇಲ್ಲ. ಸೆಕೆ.

ಧರ್ಮತಾಯಿ ಆಗುವವಳು ಪೆಲಾಗಿಯಾ, ಮಾತಿನಾಳ ಬಾಲ್ಯದ ಗೆಳತಿ, ಬಂದರಿನ ಔಷಧಿ ಅಂಗಡಿಯವಳು. ಪಾದ್ರಿಯ ಪ್ರಶ್ನೆಗೆ ಉತ್ತರ ಕೊಡುವವಳು ಅವಳು. ಅವಳ ಬಾಯಿಂದ ಒಮ್ಮೆ ಬಿದ್ದ ಹೆಸರನ್ನು ಬಿಷಪ್ ಬಂದರೂ ಬದಲಿಸುವುದಿಲ್ಲ. ಆದ್ದರಿಂದ ಮೂರು ದಿನದಿಂದ ದಿನಾ ಹೋಗಿ ಸೊಂಟದ ಮುಲಾಮು ಕೊಳ್ಳುತ್ತಿದ್ದೇನೆ.

‘ಕಪ್ತಾನರೇ, ಇಷ್ಟು ಮುಲಾಮಿಗೆ ಕುದುರೆ ಸೊಂಟನೂ ನೆಟ್ಟಗಾಗ್ತಿತ್ತು’ ಅಂದಳು ಇವತ್ತು.

‘ಸೊಂಟ ಬಿಡು ಮಗಳೇ. ಹೆಸರು ಯಾವುದು ಹೇಳ್ತೀಯ?’

‘ತಂದೆ ತಾಯಿ ಹೇಳಿದ್ದು. ಅವರಿನ್ನೂ ಹೇಳಿಲ್ಲ.’

‘ಅದರಲ್ಲಿ ಹೇಳೋದೇನಿದೆ?’

‘ಏನೂ ಇಲ್ಲ ಅಂದ್ರೆ ನೀವ್ಯಾಕೆ ದಿನಾ ಬರ್ತೀರಿ?’

ಜಾಣೆ. ಇಂಥವಳನ್ನು ನಮ್ಮ ಕಡೆ ಇಟ್ಟುಕೊಳ್ಳಬೇಕು.

ಸೆಪ್ಟೆಂಬರ್ 8, ಸೋಮವಾರ

ಪಡುವಣ ಗಾಳಿ.

ದೋಣಿಯ ಹಳೆಯ ಬಣ್ಣ ಕೆರೆಯಲು ಶುರು ಮಾಡಿದೆ. ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ, ಅಷ್ಟೇ ಕಾರಣ. ಅರ್ಧ ಗಂಟೆಯಲ್ಲಿ ಬೀಗಿತ್ತಿ ಬಾಲ್ಕನಿಯಿಂದ ನೋಡಿದಳು. ಆಮೇಲೆ ಏಪ್ರನ್ ಕೂಡ ಬಿಚ್ಚದೆ ಕೆಳಗಿಳಿದು ಬಂದಳು.

‘ಬೀಗರೇ, ಅದನ್ನ ಮುಟ್ಟಬೇಡಿ ಅಂತ ಹೇಳೋಕೆ ಬಂದೆ.’

‘ಹೇಳಿ’ ಅಂದೆ. ಕೆರೆಯುವುದನ್ನು ನಿಲ್ಲಿಸಲಿಲ್ಲ.

ಅವಳು ದೋಣಿಯ ಸುತ್ತ ಒಂದು ಸಲ ಬಂದಳು. ಚುಕ್ಕಾಣಿ ಸಿಕ್ಕಿಸುವ ಕಬ್ಬಿಣವನ್ನು ಮುಟ್ಟಿದಳು. ‘ಒಳಗಡೆ ಹಸಿರು ಬಣ್ಣ ಇತ್ತು. ನೀಲಿ ಹೊಡೀಬೇಡಿ’ ಅಂದು ಹೊರಟುಹೋದಳು.

ಲಾಂಬ್ರೊಸ್ ಕೆಲಸಗಾರನಲ್ಲ. ಒಂದು ಹಲಗೆಗೆ ತಾಮ್ರದ ಮೊಳೆ, ಪಕ್ಕದ್ದಕ್ಕೆ ಉಪ್ಪುನೀರಿಗೆ ತುಕ್ಕು ಹಿಡಿಯುವ ಕಬ್ಬಿಣದ್ದು. ಒಂದೊಂದನ್ನೂ ಕೀಳುವಾಗ ಅವನಿಗೆ ಬೈದೆ. ಇಂಥವನ ಹೆಸರನ್ನು ಯಾರಾದರೂ ಮಗುವಿಗೆ ಇಡುತ್ತಾರೆಯೇ?

ಸೆಪ್ಟೆಂಬರ್ 11, ಗುರುವಾರ

ಬಡಗಣ ಗಾಳಿ, ಗುಡುಗು ಕೇಳಿಸಿತು, ಮಳೆ ಬರಲಿಲ್ಲ.

ಕೊನೆಗೂ ಊಟದ ಮೇಜಿನಲ್ಲಿ ಮಾತು ಹೊರಬಿತ್ತು. ನಾನೇ ಹೊರತೆಗೆದೆ. ‘ನೋಡಮ್ಮ ಮಾತಿನಾ, ಪೆಲಾಗಿಯಾಗೆ ಹೆಸರು ಹೇಳಿಬಿಡು, ಪಾಪ ಅವಳು ಕಾಯ್ತಿದ್ದಾಳೆ’ ಅಂದೆ.

ಸೊಸೆ ಚಮಚ ಕೆಳಗಿಟ್ಟಳು. ‘ಮಾವ, ನನಗೆ ಅಣ್ಣತಮ್ಮಂದಿರಿಲ್ಲ. ಅಪ್ಪನ ಹೆಸರು ಉಳಿಸೋದು ಅಂದ್ರೆ ಈ ಮಗು ಒಂದೇ.’

‘ನಿನ್ನಪ್ಪನ ಹೆಸರು ಎರಡನೇ ಮಗುವಿಗಿಡು. ನನ್ನ ಅಭ್ಯಂತರ ಇಲ್ಲ.’

‘ಇನ್ನೊಂದು ಬೇಡ ಅಂತ ಡಾಕ್ಟರು ಹೇಳಿದಾರೆ.’

ಕೊಸ್ಮಾಸ್ ತಟ್ಟೆಯನ್ನೇ ನೋಡುತ್ತಿದ್ದ. ಈ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ನಾನು ಜಗ್ಗುವವನಲ್ಲ. ಬಾಯಿ ತೆರೆಯುವಷ್ಟರಲ್ಲಿ ಬೀಗಿತ್ತಿಯೇ ಮಗಳನ್ನು ಗದರಿದಳು.

‘ಸಾಕು ಮಾತಿನಾ. ಮಗು ಬೀಗರ ಮನೆತನದ್ದು. ಪದ್ಧತಿ ಅಂದ್ರೆ ಪದ್ಧತಿ. ನಿನ್ನ ಗಂಡ ಇಲ್ಲಿದ್ದಾನೆ ಅಂತ ಅವರ ಹೆಸರಿನ ಹಕ್ಕನ್ನೂ ನಾವೇ ಇಟ್ಕೊಳ್ಳೋಕಾಗುತ್ತಾ? ಪುಣ್ಯಾತ್ಮ ಇದ್ದಿದ್ರೂ ಇದನ್ನೇ ಹೇಳ್ತಿದ್ದ.’

ಎಂದವಳು ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಶತ್ರು ಅಂದುಕೊಂಡವಳು ನನ್ನ ಪಕ್ಷದವಳೇ. ಇಷ್ಟು ನೇರ ಹೆಂಗಸು ಅಂತ ಗೊತ್ತಿದ್ದರೆ ಅಷ್ಟೊಂದು ಮುಲಾಮು ಕೊಳ್ಳುತ್ತಿರಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಪಡುವಣ ಗಾಳಿ. ಒಳ್ಳೆಯ ದಿನ.

ಗೆದ್ದೆ. ಕೊಸ್ಮಾಸ್ ದಂಡೆಗೆ ಬಂದು, ‘ಆಯ್ತಪ್ಪ, ನಿನ್ನ ಹೆಸರೇ. ಪೆಲಾಗಿಯಾಗೂ ಹೇಳಿಯಾಯ್ತು’ ಅಂದ. ಕುಂಚ ಕೆಳಗಿಟ್ಟು ಅವನನ್ನು ತಬ್ಬಿಕೊಂಡೆ, ಅಂಗಿಗೆ ಹಸಿರು ಬಣ್ಣ ಹತ್ತಿತು.

ತಕ್ಷಣ ಅರ್ಗಿರೊಗೆ ಫೋನ್ ಮಾಡಿದೆ.

‘ಖುಷಿನಾ?’ ಅಂದಳು.

‘ಖುಷಿ ಅಲ್ಲದೆ ಇನ್ನೇನು?’

‘ದನಿ ಹಾಗಿಲ್ಲವಲ್ಲ.’

ಫೋನಿನ ದೋಷ. ಈ ಊರಿನಲ್ಲಿ ಕೋಟೆ ಅಡ್ಡ ಬಂದರೆ ದನಿ ಒಡೆಯುತ್ತದೆ.

ಸೆಪ್ಟೆಂಬರ್ 14, ಭಾನುವಾರ

ಪಡುವಣ ಗಾಳಿ, ತೆಳು. ಶಿಲುಬೆ ಹಬ್ಬ. ಪೂಜೆ ಮುಗಿಸಿ, ಈ ಹಬ್ಬಕ್ಕೆ ಪಾದ್ರಿ ಎಲ್ಲರಿಗೂ ಕೊಡುವ ತುಳಸಿಯ ಕಡ್ಡಿಗಳೊಂದಿಗೆ ಬೀಗಿತ್ತಿ, ನಾನು, ಪಾಪು ಮೂವರೂ ಪಕ್ಕದ ಊರು ಮೆಥೋನಿಗೆ ಹೋದೆವು. ಅಲ್ಲಿರುವ ತನ್ನ ನಾದಿನಿಯನ್ನು ನಾಮಕರಣಕ್ಕೆ ಕರೆಯಬೇಕಿತ್ತು ಅವಳಿಗೆ. ಗಂಡನ ಹಳೆಯ ಪಿಕಪ್ ಗಾಡಿಯನ್ನು ತಾನೇ ಓಡಿಸುತ್ತಾಳೆ, ತಿರುವಿನಲ್ಲೂ ವೇಗ ತಗ್ಗಿಸುವುದಿಲ್ಲ. ನಾನು ಪಾಪುವನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಪಾಪು ನನ್ನ ಮೀಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ನಾದಿನಿಯ ಮನೆಯಿಂದ ಹೊರಟ ಮೇಲೆ ಅಲ್ಲಿನ ಕೋಟೆಯೊಳಗೆ ನಡೆದು, ಸಮುದ್ರದೊಳಗಿನ ಗೋಪುರದ ತನಕ ಹೋಗಿ ಕೂತೆವು. ಗೋಡೆಯ ಕಲ್ಲಿನಲ್ಲಿ ಕಟ್ಟಿಸಿದವರ ಸಿಂಹದ ಲಾಂಛನ, ಬಿರುದು, ಹೆಸರು ಎಲ್ಲ ಕೆತ್ತಿದ್ದಾರೆ. ‘ನೋಡಿ, ಐನೂರು ವರ್ಷವಾದರೂ ಹೆಸರು ಉಳಿದಿದೆ’ ಅಂದೆ. ನನ್ನ ಗೆಲುವಿನ ಅಮಲು ಇಳಿದಿರಲಿಲ್ಲ.

‘ಕಲ್ಲಿನ ಮೇಲೆ ಇದ್ದರೆ ಏನು ಬಂತು ಬೀಗರೇ’ ಅಂದಳು ಅವಳು. ‘ಯಾರು ಕರೀತಾರೆ?’

ಅವಳು ಮಗುವಿನ ಟೋಪಿ ಸರಿ ಮಾಡುತ್ತ ಮಾತಾಡಿದಳು, ನನಗೋ ಮಗುವಿಗೋ ಗೊತ್ತಾಗಲಿಲ್ಲ.

‘ಮದುವೆ ಆದಾಗಿಂದ ದಿನಾ ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತು ಕೂಗ್ತಿದ್ದೆ. ಲಾಂಬ್ರೊ, ಊಟ, ಅಂತ. ಒಂದು ಕೂಗಿಗೆ ಬರೋ ಗಂಡಸಲ್ಲ, ಮೂರು ಸಲ ಕೂಗಿಸಿಕೊಂಡು ಬರ್ತಿದ್ದ. ದಂಡೆಯವರೆಲ್ಲ ನಗೋರು. ಈಗ ನಾನು ಎದುರು ಬಂದ್ರೆ ಜನ ಅವನ ಹೆಸರು ಹೇಳಲ್ಲ, ನಾನು ಅತ್ತುಬಿಡ್ತೀನಿ ಅಂತ. ಪುಣ್ಯಾತ್ಮ ಅಂತಾರೆ. ನಾನೂ ಅದನ್ನೇ ಕಲ್ತೆ. ಪಾದ್ರಿ ಸತ್ತವರ ಹೆಸರು ಓದ್ತಾರಲ್ಲ ಚರ್ಚಲ್ಲಿ, ಆಗ ಒಂದು ಸಲ ಕೇಳಿಸುತ್ತೆ. ಅದೂ ಬೇರೆಯವರ ಹೆಸರುಗಳ ಮಧ್ಯೆ, ಬೇಗ ಬೇಗ.’

ಆಮೇಲೆ ಎದ್ದು, ‘ನಿಮಗೆ ಬೇಜಾರು ಮಾಡೋಕೆ ಹೇಳಲಿಲ್ಲ. ಹೆಸರು ನಿಮ್ಮದೇ, ನಾನೇ ಮಗಳಿಗೆ ಬುದ್ಧಿ ಹೇಳಿದ್ದೀನಿ’ ಅಂದಳು. ನನಗೆ ಬೇಜಾರೇನೂ ಆಗಿಲ್ಲ. ಪದ್ಧತಿ ಅಂದ್ರೆ ಪದ್ಧತಿ.

ಸೆಪ್ಟೆಂಬರ್ 16, ಮಂಗಳವಾರ

ತೆಂಕಣ ಗಾಳಿ. ಹೊಟ್ಟೆ ಸರಿಯಿಲ್ಲ. ನಿನ್ನೆಯ ಆಕ್ಟೋಪಸ್ ಬೆಂದಿರಲಿಲ್ಲ.

ದೋಣಿಗೆ ಎರಡನೇ ಸಲ ಬಣ್ಣ ಹೊಡೆದೆ. ನೋಡಿದರೆ, ಲಾಂಬ್ರೊ ಕಬ್ಬಿಣದ ಮೊಳೆ ಹಾಕಿದ್ದು ನೀರಿಗಿಂತ ಮೇಲಿನ ಹಲಗೆಗಳಿಗೆ ಮಾತ್ರ. ನೀರಿನೊಳಗೆ ಎಲ್ಲ ತಾಮ್ರವೇ. ಸರಿಯಾಗಿಯೇ ಮಾಡಿದ್ದಾನೆ.

ಸೆಪ್ಟೆಂಬರ್ 18, ಗುರುವಾರ

ಪಡುವಣ ಗಾಳಿ, ತೆಳು.

ದೋಣಿಯನ್ನು ನೀರಿಗಿಳಿಸಿದೆವು. ಒಣಗಿದ ಮರ ಮೊದಲ ದಿನ ಸೋರಲೇಬೇಕು, ನೀರು ಕುಡಿದು ಹಲಗೆ ಉಬ್ಬಿದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಪಾನಾಗೊಸ್ ಡಬ್ಬಿಯಲ್ಲಿ ನೀರು ಎತ್ತಿ ಚೆಲ್ಲುತ್ತ, ‘ಇದು ಮುಳುಗುತ್ತೆ, ನೀವೂ ಮುಳುಗ್ತೀರಿ, ನಿಮ್ಮ ಬೀಗಿತ್ತಿ ನನ್ನ ಕೊಲ್ತಾಳೆ’ ಎಂದು ಗೊಣಗಿದ. ಮಧ್ಯಾಹ್ನದ ಹೊತ್ತಿಗೆ ಸೋರುವುದು ಅರ್ಧ ನಿಂತಿತು.

ರೊಟ್ಟಿ ಅಂಗಡಿಯವನು ಮೇಲಿನಿಂದ, ‘ಲಾಂಬ್ರೊನ ಬೀಗರೇ, ರೊಟ್ಟಿ ತೆಗೆದಿಡಲಾ?’ ಎಂದು ಕೂಗಿದ. ಎರಡು ಅಂದೆ.

ಬೀಗಿತ್ತಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ದೋಣಿ ನೀರಿನಲ್ಲಿ ನಿಂತಿದ್ದನ್ನು ಕಂಡು ಬಾಯಿ ತೆರೆದಳು, ಏನೋ ಕೂಗುವವಳ ಹಾಗೆ. ಹಾಗೇ ಮುಚ್ಚಿಕೊಂಡು ಒಳಗೆ ಹೋದಳು. ಅಂಗಿಯೊಂದು ಅರ್ಧ ನೇತಾಡುತ್ತ ಸಂಜೆಯ ತನಕ ಹಾಗೆಯೇ ಇತ್ತು.

ಸೆಪ್ಟೆಂಬರ್ 19, ಶುಕ್ರವಾರ

ಪಡುವಣ ಗಾಳಿ, ಎದುರಿನಿಂದ, ಚೆನ್ನಾಗಿ ಬೀಸುತ್ತಿದೆ. ಪರೀಕ್ಷೆಗೆ ಹೇಳಿಮಾಡಿಸಿದ ಹಾಗಿದೆ.

ಹೆಸರು ಅಂದರೆ ಕರೆಯುವುದಕ್ಕೆ ಇರುವುದು. ಹಗ್ಗವನ್ನೂ ಎಳೆದು ನೋಡಿಯೇ ಕಟ್ಟುತ್ತಿದ್ದವನು ನಾನು, ಹೆಸರನ್ನು ಪರೀಕ್ಷೆ ಮಾಡದೆ ಕೊಡಬಹುದೇ? ಪಾನಾಗೊಸನನ್ನು ದೋಣಿಯಲ್ಲಿ ಸ್ವಲ್ಪ ದೂರ ಕಳಿಸಿದೆ. ಕೇಳಿಸಿದರೆ ಕೈ ಎತ್ತು ಅಂದಿದ್ದೆ. ನಾನು ಕೋಟೆಗೋಡೆಯ ಮೇಲೆ ನಿಂತು ಮೊದಲು ಥ್ರಾಸಿವುಲೊಸ್ ಎಂದು ಕೂಗಿದೆ. ಎದೆ ತುಂಬ ಉಸಿರೆಳೆದು, ಮೂರು ಸಲ. ಅವನು ಕೂತೇ ಇದ್ದ. ಆಮೇಲೆ, ಹೋಲಿಸಿ ನೋಡಲು ಇನ್ನೊಂದು ಬೇಕಲ್ಲ, ಲಾಂಬ್ರೊ ಎಂದು ಕೂಗಿದೆ. ಪಾನಾಗೊಸ್ ಎದ್ದು ನಿಂತ. ಕೈ ಎತ್ತುವ ಬದಲು ಟೋಪಿ ತೆಗೆದ.

ದಡಕ್ಕೆ ಬಂದ ಮೇಲೆಯೇ ಟೋಪಿ ಮತ್ತೆ ಹಾಕಿಕೊಂಡ. ‘ಎರಡನೇದು ಕೇಳಿಸ್ತು. ಮೊದಲನೇದು ಯಾರೋ ಕೆಮ್ಮಿದ ಹಾಗಿತ್ತು’ ಅಂದ.

ನನ್ನ ಹೆಸರು ಸಮುದ್ರಕ್ಕೆ ಸರಿಹೋಗುವುದಿಲ್ಲ. ಗಾಳಿಗೆ ಮಧ್ಯದಲ್ಲೇ ಮುರಿಯುತ್ತದೆ. ಇದು ಭಾವನೆಯ ಮಾತಲ್ಲ, ಕಣ್ಣಾರೆ ಕಂಡ ವಿಷಯ.

ಸೆಪ್ಟೆಂಬರ್ 20, ಶನಿವಾರ

ಪಡುವಣ ಗಾಳಿ. ಅರ್ಗಿರೊ ಬಂದಳು. ಕುಂಟುತ್ತ ಬಸ್ಸಿಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಉಗುರಲ್ಲೆಲ್ಲ ಹಸಿರು ಬಣ್ಣ. ನೀನೇನೋ ಮಾಡ್ತಿದೀಯ’ ಅಂದಳು.

‘ದೋಣಿ ರಿಪೇರಿ’ ಅಂದೆ.

‘ಅದಲ್ಲ’ ಅಂದಳು.

ಸೆಪ್ಟೆಂಬರ್ 21, ಭಾನುವಾರ

ಹಳೆಯ ಪದ್ಧತಿಯಂತೆ ತಾಯಿ ಮನೆಯಲ್ಲೇ ಕಾಯಬೇಕು, ಮಕ್ಕಳು ಚರ್ಚಿನಿಂದ ಓಡಿಬಂದು ಹೆಸರು ಮುಟ್ಟಿಸಬೇಕು, ಮುಟ್ಟಿಸಿದವರಿಗೆ ನಾಣ್ಯ ಸಿಗಬೇಕು. ಬೀಗಿತ್ತಿ ಇದನ್ನು ಬಿಡುವವಳಲ್ಲ. ಮಗಳನ್ನು ಮನೆಯಲ್ಲಿ ಕೂರಿಸಿ, ತಾನೂ ಏಪ್ರನ್ ಜೇಬಿನ ತುಂಬ ಚಿಲ್ಲರೆ ಹಾಕಿಕೊಂಡು ಜೊತೆಗೆ ಉಳಿದಳು. ‘ಹೋಗಿಬನ್ನಿ ಬೀಗರೇ, ಇವತ್ತು ನಿಮ್ಮ ದಿನ’ ಅಂದಳು.

ಚರ್ಚಿನ ಬಾಗಿಲಲ್ಲಿ ಪೆಲಾಗಿಯಾ ಮಗುವನ್ನು ಎತ್ತಿಕೊಂಡು ಪಾದ್ರಿಗೆ ಕಾಯುತ್ತಿದ್ದಳು. ಮಗುವಿನ ಹೊದಿಕೆ ಸರಿ ಮಾಡುವ ನೆವದಲ್ಲಿ ಹತ್ತಿರ ಹೋದೆ.

‘ಪೆಲಾಗಿಯಾ, ಲಾಂಬ್ರೊಸ್ ಅಂತ ಹೇಳು.’

‘ಕಪ್ತಾನರೇ, ತಲೆ ನೆಟ್ಟಗಿದೆಯಾ?’

‘ನೆಟ್ಟಗಿದೆ. ಹೇಳಿದಷ್ಟು ಮಾಡು. ನಾನು ಹೇಳಿದ್ದು ಅಂತ ಜನ್ಮದಲ್ಲಿ ಬಾಯಿಬಿಡಬೇಡ.’

‘ಊರೆಲ್ಲ ನನ್ನನ್ನ ಉಗಿಯುತ್ತೆ.’

‘ಉಗಿಯಲಿ. ಸಾಯೋ ತನಕ ಮುಲಾಮು ನಿನ್ನ ಹತ್ತಿರಾನೇ ತಗೋತೀನಿ.’

ಅವಳು ನನ್ನ ಮುಖ ನೋಡಿದಳು. ಆಮೇಲೆ ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದು ಕೈಯಿಂದ ನನ್ನ ಕೋಟಿನ ಗುಂಡಿ ಹಾಕಿದಳು. ಹಾಕಿದ್ದ ಗುಂಡಿಯೇ, ಬಿಚ್ಚಿ ಮತ್ತೆ ಹಾಕಿದಳು.

ಪಾದ್ರಿ ಬಂದರು. ‘ಹೆಸರು?’ ಎಂದು ಕೇಳಿದರು. ನಾನು ಮೇಲೆ ತೂಗುತ್ತಿದ್ದ ದೀಪ ನೋಡಿದೆ.

‘ಲಾಂಬ್ರೊಸ್’ ಅಂದಳು ಪೆಲಾಗಿಯಾ, ಗಟ್ಟಿಯಾಗಿ.

ಕೊಸ್ಮಾಸ್ ತಟಕ್ಕನೆ ತಿರುಗಿದ. ಯಾರೋ ಕೆಮ್ಮಿದರು. ಮಕ್ಕಳಿಗೆ ಇದೆಲ್ಲ ಏನು ಗೊತ್ತು, ‘ಲಾಂಬ್ರೊಸ್, ಲಾಂಬ್ರೊಸ್’ ಎಂದು ಕೂಗುತ್ತ ಇಳಿಜಾರಿನಲ್ಲಿ ಓಡಿಹೋದರು. ಅರ್ಗಿರೊ ನನ್ನ ತೋಳು ಚಿವುಟಿದಳು.

‘ಆ ಹುಡುಗಿ ನಾಲಿಗೆ ಸೇದಿಹೋಗ. ನೀನ್ಯಾಕೆ ಕಂಬದ ಹಾಗೆ ನಿಂತಿದೀಯ?’

‘ಚರ್ಚಲ್ಲಿ ಜಗಳ ಆಡ್ಲಾ?’ ಅಂದೆ. ಸಿಟ್ಟು ಬಂದವನ ಹಾಗೆ ಹುಬ್ಬು ಗಂಟಿಕ್ಕಿದೆ. ಅದು ನನಗೆ ಚೆನ್ನಾಗಿ ಬರುತ್ತದೆ. ಅವಳು ಸ್ವಲ್ಪ ಹೊತ್ತು ನನ್ನ ಹುಬ್ಬು ನೋಡಿದಳು, ಆಮೇಲೆ ನನ್ನ ಉಗುರು ನೋಡಿದಳು. ನನ್ನ ಕೈ ಹಿಡಿದವಳು ಪೂಜೆ ಮುಗಿಯುವ ತನಕ ಬಿಡಲಿಲ್ಲ.

ಮಗುವನ್ನು ಚರ್ಚಿನ ತೊಟ್ಟಿಯ ನೀರಿನಲ್ಲಿ ಮೂರು ಸಲ ಮುಳುಗಿಸಿದರು. ಕೋಟೆ ಬೀಳುವ ಹಾಗೆ ಅತ್ತ. ಒಳ್ಳೆಯ ಎದೆ.

ಎಲ್ಲರೂ ಮನೆಗೆ ಇಳಿಯುತ್ತಿದ್ದಾಗ ಇಬ್ಬರು ಮಕ್ಕಳು ಏದುಸಿರು ಬಿಡುತ್ತ ಎದುರು ಹತ್ತಿ ಬಂದರು. ಎಲ್ಲಿಗೆ ಎಂದು ಕೇಳಿದೆ.

‘ಉಳಿದವರನ್ನ ಕರ್ಕೊಂಡು ಹೋಗೋಕೆ. ದಿಯಾಮಾಂತೊ ಅಜ್ಜಿ ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು ಅಂತಾಳೆ. ಹೇಳಿದಾಗೆಲ್ಲ ಕಾಸು ಕೊಡ್ತಾಳೆ. ಅವಳಿಗೆ ಕಿವಿ ಕೇಳಿಸಲ್ಲ ಅನ್ಸುತ್ತೆ.’

ನಾವು ಬರುವ ಹೊತ್ತಿಗೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಒದ್ದೆ, ಜೇಬು ಖಾಲಿ. ಪುಟ್ಟ ಹುಡುಗಿಯೊಬ್ಬಳು ಎದುರು ನಿಂತು ಪುಕ್ಕಟೆಯಾಗಿಯೇ ಹೆಸರು ಹೇಳುತ್ತಿದ್ದಳು. ನನ್ನನ್ನು ಕಂಡು ಬೀಗಿತ್ತಿ ಗಾಬರಿಯಿಂದ ಎದ್ದಳು.

‘ಬೀಗರೇ, ತಪ್ಪಾಯ್ತು. ಆ ಹುಡುಗಿ ಯಾಕೆ ಹಾಗೆ ಮಾಡಿದಳೋ. ನಿಮ್ಮ ಮುಖ ಹೇಗೆ ನೋಡಲಿ ನಾನು.’

‘ನನಗೂ ತುಂಬ ಬೇಜಾರಾಗಿದೆ’ ಅಂದೆ. ‘ಏನು ಮಾಡೋಕಾಗುತ್ತೆ. ಆಗಿದ್ದು ಆಗಿಹೋಯ್ತು.’

ಹಿಂದೆ ಪಾನಾಗೊಸ್ ಮೀಸೆಯೊಳಗೆ ನಗುತ್ತಿದ್ದ. ಕಣ್ಣು ಬಿಟ್ಟು ಅವನನ್ನು ಸುಮ್ಮನಿರಿಸಿದೆ. ಗಾಳಿ ಯಾವ ಕಡೆಯದಿತ್ತೋ ನೋಡಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಪಡುವಣ ಗಾಳಿ. ದೋಣಿಯ ತಳ ಒಣಗಿದೆ, ತೊಟ್ಟು ನೀರಿಲ್ಲ.

ನಾಳೆ ಪಿರೇಯಸ್ಸಿಗೆ. ಇವತ್ತು ಮಗುವನ್ನು ದೋಣಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ದಂಡೆಗೆ ಕಟ್ಟಿದ ಹಗ್ಗ ಬಿಚ್ಚದೆ, ಚುಕ್ಕಾಣಿ ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತಿದ್ದೆ. ಅವನು ಅದನ್ನು ನೆಕ್ಕುತ್ತಿದ್ದ. ಮಧ್ಯಾಹ್ನ ಮೇಲೆ ಬಾಲ್ಕನಿಯ ಬಾಗಿಲು ತೆರೆಯಿತು. ಬೀಗಿತ್ತಿ ಬಂದು ಕಂಬಿ ಹಿಡಿದು ನಿಂತಳು.

‘ಲಾಂಬ್ರೊ, ಊಟ.’

ಮೊದಲ ಸಲ ದನಿ ಅರ್ಧದಲ್ಲೇ ನಿಂತಿತು. ದಂಡೆಯಲ್ಲಿ ಬಲೆ ಹೊಲಿಯುವವರ ಕೈ ನಿಂತಿತು. ಅವಳು ಇನ್ನೊಮ್ಮೆ ಕೂಗಿದಳು, ಇನ್ನೂ ಜೋರಾಗಿ, ಗಾಳಿ ಎದುರಿಗಿದ್ದರೂ ಸ್ಪಷ್ಟವಾಗಿ ಕೇಳಿಸಿತು. ಮಗುವಿಗೆ ಅದು ತನ್ನ ಹೆಸರೆಂದು ಇನ್ನೂ ಗೊತ್ತಿಲ್ಲ, ಅವನು ಚುಕ್ಕಾಣಿ ಬಿಡಲಿಲ್ಲ. ಮೂರನೇ ಸಲ ಕೂಗುವ ತನಕ ನಾನೂ ಏಳಲಿಲ್ಲ.

‘ಬರ್ತಿದ್ದಾನೆ’ ಎಂದು ಕೂಗಿ ಹೇಳಿ, ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟೆ.